ನೊರೆ ಮೊದಲು, ಮೂಗು ಆಮೇಲೆ

ಮುಂದಿನ ರೂಮನ್ನು ಸ್ನೇಹಿತ ಮೂಗುರಾಯನಿಗೆ ಬಾಡಿಗೆಗೆ ಕೊಡುವುದೆಂದು ಗೊತ್ತಾದ ದಿನ ಅಣ್ಣ ಅಮ್ಮನ ಕಬ್ಬಿಣದ ಮಂಚವನ್ನು ಉಗ್ರಾಣಕ್ಕೆ ಸಾಗಿಸಲು ಪಡಬಾರದ ಪಾಡು ಪಟ್ಟ. ಉದ್ದಕ್ಕೆ ಹಿಡಿದ, ಅಡ್ಡಕ್ಕೆ ಹಿಡಿದ, ಕಾಲು ಮೇಲೆ ಮಾಡಿ ತೂರಿಸಿದ. ಬಾಗಿಲ ಚೌಕಟ್ಟಿನ ಬಣ್ಣ ಕಿತ್ತುಬಂತೇ ಹೊರತು ಮಂಚ ಒಳಗೆ ಹೋಗಲಿಲ್ಲ. ಕೊನೆಗೆ ಅಮ್ಮನೇ, "ಬಿಡೋ, ನಂಗೆ ನೆಲಾನೇ ಸಾಕು. ಬೆನ್ನಿಗೂ ಒಳ್ಳೇದು. ಮಂಚದ ಮೇಲೆ ಅವನೇ ಮಲಕ್ಕೊಳ್ಲಿ" ಎಂದಳು. ಹೀಗೆ ಅಮ್ಮ ಕಿಟಕಿಯಿದ್ದ ರೂಮು ಬಿಟ್ಟು ಅಡುಗೆಮನೆಯ ಪಕ್ಕದ ಉಗ್ರಾಣಕ್ಕೆ ಹೋದಳು. ಅದಕ್ಕೆ ಕಿಟಕಿ ಇಲ್ಲ. ಅಡುಗೆಮನೆಯಿಂದ ಒಂದು ಮೆಟ್ಟಿಲು ಕೆಳಗಿದೆ. ಆ ಒಂದು ಮೆಟ್ಟಿಲನ್ನು ನಾನು ಇವತ್ತಿಗೂ ಮರೆತಿಲ್ಲ.

ನಾನು ಅಣ್ಣನ ತಂಗಿ. ಪಕ್ಕದ ಬೀದಿಯಲ್ಲಿ ನನ್ನ ಮನೆ, ಮನೆಯಲ್ಲೇ ಹೊಲಿಗೆ ಕೆಲಸ. ಮಧ್ಯಾಹ್ನ ಮಿಷನ್ನಿಗೆ ಬಿಡುವು ಕೊಟ್ಟು ಅಮ್ಮನ ತಲೆ ಬಾಚಲು ಹೋಗುತ್ತಿದ್ದೆ. ನನ್ನ ಬಾಯಿ ದೊಡ್ಡದು ಎಂದು ಅತ್ತಿಗೆ ಹೇಳುತ್ತಾಳೆ. ಅವಳ ಬಾಯಿಯ ಅಳತೆ ತೆಗೆಯಲು ನನ್ನ ಟೇಪು ಸಾಲದು, ಆ ಮಾತು ಬಿಡಿ. ಅಂದು ಮಾತ್ರ ನಾನು ಬಾಯಿ ತೆರೆದೇ ಹೇಳಿದೆ: "ಸ್ನೇಹಿತನಿಗೆ ರೂಮು ಕೊಡ್ಬೇಡ ಅನ್ನಲ್ಲ. ಅಮ್ಮನ್ನ ಎಬ್ಬಿಸಿ ಕೊಡ್ಬೇಡ." ಅಣ್ಣ ಸುತ್ತಿಗೆ ಕೆಳಗಿಟ್ಟು, "ಅವನಿಗೆ ಮನೆ ಖಾಲಿ ಮಾಡು ಅಂದಿದ್ದಾರೆ. ಬೀದೀಲಿ ನಿಲ್ಲಿಸ್ಲಾ?" ಎಂದ.

ಮೂಗುರಾಯನ ನಿಜವಾದ ಹೆಸರು ಅವನ ಯಜಮಾನರಿಗೂ ಮರೆತುಹೋಗಿರಬೇಕು. ಅವನೂ ಅಣ್ಣನೂ ಗ್ಯಾಸ್ ಒಲೆ ರಿಪೇರಿ ಅಂಗಡಿಯ ಕೆಲಸಗಾರರು. ಮೀಸೆ ಬರುವ ಮೊದಲೇ ಇಬ್ಬರೂ ಆ ಅಂಗಡಿ ಸೇರಿದವರು, ಜೋಡಿಯಾಗಿಯೇ ಮನೆಮನೆಗೆ ಹೋಗುವವರು. ಒಲೆ ಬಿಚ್ಚಿ, ಬರ್ನರ್ ತೊಳೆದು, ಪೈಪು ಬದಲಾಯಿಸಿ, ಕ್ಲಿಪ್ಪು ಬಿಗಿದು ಆದಮೇಲೆ ಪರೀಕ್ಷೆ. ಅಣ್ಣ ಒಂದು ಹಳೇ ಲೋಟದಲ್ಲಿ ಸೋಪು ಕಲಸಿ, ಗಡ್ಡ ಮಾಡುವ ಬ್ರಷ್ಷಿನಿಂದ ನೊರೆ ಎಬ್ಬಿಸಿ, ಪೈಪಿನ ಎರಡು ತುದಿಗೂ ರೆಗ್ಯುಲೇಟರಿನ ಕುತ್ತಿಗೆಗೂ ಹಚ್ಚುತ್ತಿದ್ದ. ಸೋರಿಕೆ ಇದ್ದರೆ ಗುಳ್ಳೆ ಏಳುತ್ತದೆ. ಗುಳ್ಳೆ ಏಳದಿದ್ದರೆ ಒರೆಸಿ ಹಿಂದೆ ಸರಿಯುತ್ತಿದ್ದ. ಆಗ ರಾಯ ಮುಂದೆ ಬಂದು, ಕಣ್ಣು ಮುಚ್ಚಿ, ಮೊಣಕಾಲೂರಿ, ಒಲೆಯಿಂದ ಸಿಲಿಂಡರಿನವರೆಗೆ ನಿಧಾನವಾಗಿ ಮೂಗಾಡಿಸಿ ಎದ್ದು ನಿಂತು, "ಶುದ್ಧ" ಎನ್ನುತ್ತಿದ್ದ. ಆ ಒಂದು ಮಾತು ಬಿದ್ದ ಮೇಲೆಯೇ ಮನೆಯಾಕೆ ಉಸಿರು ಬಿಡುತ್ತಿದ್ದಳು.

ಅಂಥ ಮೂಗು ಅದು. ಗುಳ್ಳೆ ಏಳಿಸುವಷ್ಟೂ ಬಲವಿಲ್ಲದ ಸೋರಿಕೆಯನ್ನು ರಾಯ ಬಾಗಿಲಲ್ಲೇ ಹಿಡಿದದ್ದುಂಟು. ಹೊಸದರಲ್ಲಿ ಒಮ್ಮೆ ರಾಯ "ಶುದ್ಧ" ಎಂದ ಮೇಲೆ ಅಣ್ಣ ಗಿರಾಕಿಯ ಎದುರಿಗೇ ಮತ್ತೊಂದು ಸಲ ನೊರೆ ಹಚ್ಚಿ ನೋಡಿದನಂತೆ. ಗುಳ್ಳೆ ಏಳಲಿಲ್ಲ. ರಾಯ ಸ್ಪ್ಯಾನರನ್ನು ಚೀಲಕ್ಕೆ ಹಾಕಿ ಒಬ್ಬನೇ ನಡೆದುಬಿಟ್ಟ, ಒಂದು ಬೇಸಿಗೆ ಪೂರ್ತಿ ಅಣ್ಣನ ಜೊತೆ ಮಾತಾಡಲಿಲ್ಲ. ಅಂದಿನಿಂದ ಅಂಗಡಿಯಲ್ಲಿ ಅದೇ ಕಟ್ಟಳೆಯಾಯಿತು: ನೊರೆ ಮೊದಲು, ಮೂಗು ಆಮೇಲೆ. ಮೂಗು ಮಾತಾಡಿದ ಮೇಲೆ ನೊರೆ ಹಚ್ಚುವಂತಿಲ್ಲ, ಹಚ್ಚಿದರೆ ರಾಯನ ಮುಖಕ್ಕೆ ಹೊಡೆದ ಹಾಗೆ.

ಈಗ ಒಂದು ಮಾತು ಹೇಳಿಬಿಡುತ್ತೇನೆ. ನಮಗೆ ಇದು ಆಮೇಲೆ ತಿಳಿಯಿತು. ನಮಗೆ ಹೇಳಬೇಕಾದವನು ಹೇಳಲಿಲ್ಲ, ನಾನಾದರೂ ನಿಮಗೆ ಮೊದಲೇ ಹೇಳುತ್ತೇನೆ. ಮೂಗುರಾಯ ನಮ್ಮ ಅಣ್ಣನ ಮನೆಗೆ ಬರುವಾಗ ಅವನಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಅದರ ಹಿಂದಿನ ಚಳಿಗಾಲದಲ್ಲಿ ಅವನಿಗೊಂದು ಕೆಟ್ಟ ಜ್ವರ ಬಂದಿತ್ತು. ಜ್ವರ ಇಳಿಯಿತು, ವಾಸನೆ ಹಿಂದಿರುಗಲಿಲ್ಲ. ಇವತ್ತು ಬರಬಹುದು, ನಾಳೆ ಬರಬಹುದು ಎಂದು ಕಾದನಂತೆ. ಸೀಮೆಎಣ್ಣೆಯ ಡಬ್ಬಿ ಮೂಸಿದ, ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದ, ತನ್ನ ಚಪ್ಪಲಿಯನ್ನೇ ಮೂಸಿದ. ಏನೂ ಇಲ್ಲ.

ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೇನೆ. ಅವನ ಬೆರಳಿಗೆ ನಡುಕ ಬಂದು ಬಹಳ ಕಾಲವಾಗಿತ್ತು, ಸ್ಪ್ಯಾನರ್ ನಿಲ್ಲುತ್ತಿರಲಿಲ್ಲ. ಯಜಮಾನರು ಅವನನ್ನು ಇಟ್ಟುಕೊಂಡಿದ್ದದ್ದು ಆ ಮೂಗಿಗಾಗಿ. ಮೂಗೂ ಇಲ್ಲ ಎಂದರೆ ಮಾರನೇ ದಿನವೇ ಮನೆಗೆ. ಮನೆಯೇ ಇರಲಿಲ್ಲ ಅವನಿಗೆ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಊರು ಎನ್ನುವುದಿಲ್ಲ. ಇದ್ದದ್ದು ಅಣ್ಣನ ಸ್ನೇಹ, ಮತ್ತು ಗಿರಾಕಿಗಳ ಮುಂದೆ ಕಣ್ಣು ಮುಚ್ಚಿ "ಶುದ್ಧ" ಎನ್ನುವ ಆ ಗತ್ತು. ಕೆಲಸದಲ್ಲಿ ಅಪಾಯವಿಲ್ಲ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಅಣ್ಣ ನೊರೆ ಹಚ್ಚಿ ನೋಡಿಯೇ ಇರುತ್ತಾನೆ, ತಾನು ಬರೀ ತಲೆಯಾಡಿಸಿದರೂ ನಡೆಯುತ್ತದೆ. ನಡೆಯಿತು ಕೂಡ. ಗಿರಾಕಿಗಳ ಮನೆಯಲ್ಲಿ ನೊರೆ ಇತ್ತು. ನಮ್ಮ ಮನೆಯಲ್ಲಿ ಇದ್ದದ್ದು ಮೂಗು ಮಾತ್ರ.

ಅವನು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಒಂದು ಟ್ರಂಕು, ಒಂದು ಸುತ್ತಿದ ಹಾಸಿಗೆ, ಒಂದು ಕನ್ನಡಿ. ಅತ್ತಿಗೆ ಬಾಗಿಲಲ್ಲೇ ತಡೆದು, "ರಾಯರೇ, ಒಳಗೆ ಬರೋ ಮೊದ್ಲು ಹೇಳಿ, ಒಲೆ ಮೇಲೆ ಏನಿದೆ?" ಎಂದು ನಕ್ಕಳು. ಅವನು ಕಣ್ಣು ಮುಚ್ಚುವ ಮುಂಚೆ ಒಂದು ಸಲ ಅವಳ ಕೈ ನೋಡಿದ, ಮೂಲೆಯ ಬುಟ್ಟಿ ನೋಡಿದ. ಆಮೇಲೆ ಕಣ್ಣು ಮುಚ್ಚಿ ಉಸಿರೆಳೆದು, "ಈರುಳ್ಳಿ ಬಾಡಿಸ್ತಿದ್ದೀರಿ ತಾಯಿ, ಸ್ವಲ್ಪ ಸೀಯ್ತಿದೆ" ಎಂದ. ಅತ್ತಿಗೆ ಚೀರಿಕೊಂಡು ಒಳಗೋಡಿದಳು. ನಿಜಕ್ಕೂ ಸೀಯುತ್ತಿತ್ತು. ಬುಟ್ಟಿಯಲ್ಲಿ ಈರುಳ್ಳಿ ಸಿಪ್ಪೆ ಇತ್ತು, ಅಡುಗೆಮನೆಯಿಂದ ನೀಲಿ ಹೊಗೆ ಬರುತ್ತಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಬಾಡಿಗೆಯ ಮಾತೆತ್ತಲು ಇಬ್ಬರಿಗೂ ನಾಚಿಕೆ, ಹಾಗಾಗಿ ಆ ವ್ಯವಹಾರವನ್ನು ಅತ್ತಿಗೆಯೇ ವಹಿಸಿಕೊಂಡಳು. ಅಣ್ಣ ಮಾತ್ರ ಬೇರೆಯದೇ ಲೆಕ್ಕದಲ್ಲಿದ್ದ. "ನಮ್ಮನೇಲಿ ಮೂಗೇ ವಾಸ ಇದೆ, ಇನ್ನು ಯಾವ ಭಯ?" ಎಂದು ಬೀದಿಯಲ್ಲಿ ಸಾರುತ್ತಿದ್ದ. ಮೊದಲೆಲ್ಲ ತಿಂಗಳಿಗೊಮ್ಮೆಯಾದರೂ ಮನೆಯ ಪೈಪಿಗೂ ಒಂದಿಷ್ಟು ನೊರೆ ಹಚ್ಚುತ್ತಿದ್ದವನು ಈಗ ಅದನ್ನು ಬಿಟ್ಟೇಬಿಟ್ಟ. ಸ್ನೇಹಿತ ಒಳಗೆ ಕೂತಿರುವಾಗ ಬ್ರಷ್ಷು ಹಿಡಿದು ಓಡಾಡುವುದು ಅವನಿಗೆ ಮರ್ಯಾದೆ ಎನಿಸಲಿಲ್ಲ.

ರಾಯ ಒಳ್ಳೆಯ ಬಾಡಿಗೆದಾರ. ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಬಚ್ಚಲು ಬಳಸಿದರೆ ತಾನೇ ತೊಳೆಯುತ್ತಿದ್ದ, ಚಪ್ಪಲಿ ಗೋಡೆಗೆ ಒತ್ತಿ ಬಿಡುತ್ತಿದ್ದ, ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ಅಮ್ಮನ ಹತ್ತಿರ ಕೂರುತ್ತಿದ್ದ. ದಿನಾ ಬೆಳಿಗ್ಗೆ ಚಹಾದ ಲೋಟ ಹಿಡಿದು ಆ ಮೆಟ್ಟಿಲ ಮೇಲೆ ಕುಳಿತು, "ಅಮ್ಮಾ, ಹೇಳಿ ನೋಡೋಣ, ಸೊಸೆ ಏನು ಹೆಚ್ಚಿದ್ದಾಳೆ?" ಎಂದು ಕೇಳುತ್ತಿದ್ದ. ಅಮ್ಮನಿಗೆ ಎರಡೂ ಕಣ್ಣಿಗೆ ಪೊರೆ, ಎದ್ದು ನಿಲ್ಲಲು ಇಬ್ಬರು ಬೇಕು. ಮೂಗು ಮಾತ್ರ ಚುರುಕು. "ಹುರುಳಿಕಾಯಿ. ಬೆಳ್ಳುಳ್ಳಿ ಒಂದೆಸಳು ಜಾಸ್ತಿ ಆಯ್ತು" ಎನ್ನುತ್ತಿದ್ದಳು. "ಭೇಷ್! ಅಂಗಡೀಲಿ ನಂಗೆ ರಜ ಬೇಕಾದಾಗ ನಿಮ್ಮನ್ನೇ ಕಳಿಸ್ತೀನಿ" ಎಂದು ರಾಯ ತೊಡೆ ತಟ್ಟುತ್ತಿದ್ದ. ಅಮ್ಮ ಹುಡುಗಿಯ ಹಾಗೆ ನಗುತ್ತಿದ್ದಳು. ಮನೆಯವರಿಗೆ ಅವಳ ಹತ್ತಿರ ಕೂತು ಆಟ ಆಡುವಷ್ಟು ಪುರುಸೊತ್ತು ಎಲ್ಲಿತ್ತು? ಅಣ್ಣ ಅಂಗಡಿಗೆ, ಅತ್ತಿಗೆ ಲಾಂಡ್ರಿ ಅಂಗಡಿಯ ಗಲ್ಲಾಕ್ಕೆ. ಪರಕೀಯನೊಬ್ಬ ನಮ್ಮಮ್ಮನಿಗೆ ಮಗನಂತಾದನಲ್ಲ ಎಂದು ನನಗೆ ಸಂತೋಷವೂ ಆಗುತ್ತಿತ್ತು, ಒಂದಿಷ್ಟು ಹೊಟ್ಟೆಕಿಚ್ಚೂ ಆಗುತ್ತಿತ್ತು.

ಅವನು ಅಮ್ಮನ ಮೂಗನ್ನು ಎರವಲು ಪಡೆಯುತ್ತಿದ್ದ. ಅಮ್ಮ ಹೇಳಿದ್ದನ್ನು ಊಟದ ಹೊತ್ತಿಗೆ ತಾನು ಹೇಳಿ ಅತ್ತಿಗೆಯಿಂದ ಶಹಬ್ಬಾಸ್‌ಗಿರಿ ಪಡೆಯುತ್ತಿದ್ದ. ಇಷ್ಟೇ ಆಗಿದ್ದರೆ ಯಾರ ಗಂಟು ಹೋಗುತ್ತಿತ್ತು?

ಒಂದು ಬೆಳಿಗ್ಗೆ ಆಟದ ನಡುವೆ ಅಮ್ಮ ಹುಬ್ಬು ಗಂಟಿಕ್ಕಿ, "ಏನೋ ಕೊಳೆತ ವಾಸನೆ ಕಣೋ ರಾಯ. ಗ್ಯಾಸ್ ಇದ್ದ ಹಾಗಿದೆ" ಎಂದಳು. ರಾಯನ ಕೈಯ ಲೋಟ ಬಿದ್ದೇಹೋಯಿತು. ಅವನು ಅಡುಗೆಮನೆಗೆ ನುಗ್ಗಿ ಸಿಲಿಂಡರ್ ಬಂದ್ ಮಾಡಿದ, ಕಿಟಕಿ ಬಾಗಿಲೆಲ್ಲ ತೆಗೆದ, "ಸೋರ್ತಿದೆ! ಯಾರೂ ಸ್ವಿಚ್ ಮುಟ್ಬೇಡಿ, ಆಚೆ ನಡೀರಿ" ಎಂದು ಕೂಗಿದ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿ ಬೀದಿಗೆ ತಂದರು. ಅಕ್ಕಪಕ್ಕದ ಮನೆಯವರೂ ತಟ್ಟೆ ಬಿಟ್ಟು ಎದ್ದುಬಂದರು. ಅಣ್ಣ ಅಂಗಡಿಯಿಂದ ಓಡಿಬಂದು ಎಲ್ಲ ತುದಿಗೂ ನೊರೆ ಹಚ್ಚಿದ. ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ಅತ್ತಿಗೆ ಅಕ್ಕಿ ಡಬ್ಬದ ಹಿಂದೆ ಕೈ ಹಾಕಿ ಕೊಳೆತು ನೀರಾಗಿದ್ದ ಅರ್ಧ ಎಲೆಕೋಸನ್ನು ಎಳೆದಳು.

ಕೊಳೆತ ಕೋಸಿಗೂ ಒಲೆಯ ಗ್ಯಾಸಿಗೂ ವಾಸನೆಯಲ್ಲಿ ದಾಯಾದಿ ಸಂಬಂಧ, ಯಾರಾದರೂ ಮೋಸ ಹೋಗಬಹುದು. ಮೂಗುರಾಯ ಹೋಗುವಂತಿರಲಿಲ್ಲ. ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಂಗಡಿಗೆ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಅಲ್ಲಿಯವರು "ಬನ್ನಿ ಕೋಸುರಾಯರೇ" ಎಂದು ಸ್ವಾಗತಿಸಿದರು. ಯಜಮಾನರು ನಗಲಿಲ್ಲ, "ಮೂಗಿಗೂ ವಯಸ್ಸಾಗುತ್ತೆ ಅಲ್ವೇನಯ್ಯಾ?" ಎಂದು ಕೇಳಿದರು. ಅಣ್ಣ ಇದನ್ನು ತಮಾಷೆಯಾಗಿ ನನಗೆ ಹೇಳಿದ. ರಾಯನಿಗೆ ಅದು ಎಲ್ಲಿ ನಾಟಿರಬಹುದು ಎಂದು ಅವನಿಗೆ ಹೊಳೆಯಲಿಲ್ಲ. ಆ ಸಂಜೆ ರಾಯ ಊಟಕ್ಕೆ ಬರಲಿಲ್ಲ, ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ಚಳಿ ಶುರುವಾಯಿತು. ಕಿಟಕಿಗಳನ್ನು ಮುಚ್ಚಿದರು. ಅತ್ತಿಗೆ ಒಂದು ರಜಾದಿನ ಅಡುಗೆಮನೆ ತೊಳೆಯಲೆಂದು ಒಲೆಯನ್ನು ಕಟ್ಟೆಯ ಅಂಚಿಗೆ ಎಳೆದು ಮತ್ತೆ ಹಿಂದಕ್ಕೆ ತಳ್ಳಿದಳು. ಹಾಗೆ ಎಳೆಯುವಾಗ ಒಲೆಯ ಹಿಂದೆ, ಕಣ್ಣಿಗೆ ಕಾಣದ ಕಡೆ, ಪೈಪಿನ ಕ್ಲಿಪ್ಪು ಒಂದು ಕೂದಲಿನಷ್ಟು ಜಾರಿತು. ಅದೂ ಆಮೇಲೆ ತಿಳಿದದ್ದು.

ಮಾರನೆಯ ದಿನವೂ ರಜೆಯಿತ್ತು. ಮಧ್ಯಾಹ್ನ ನಾನು ಹೋದಾಗ ಎಲ್ಲರೂ ಮನೆಯಲ್ಲೇ ಇದ್ದರು. ಅಮ್ಮ ಹಾಸಿಗೆಯಲ್ಲಿ ಎದ್ದು ಕೂತು, "ಮತ್ತೆ ಅದೇ ವಾಸನೆ ಕಣ್ರೋ" ಎನ್ನುತ್ತಿದ್ದಳು. ಅತ್ತಿಗೆ ಅಕ್ಕಿ ಡಬ್ಬ ಸರಿಸಿ ತೋರಿಸಿದಳು. "ನೋಡಿ ಅತ್ತೆ, ಕೋಸೂ ಇಲ್ಲ, ಅದರ ಅಪ್ಪನೂ ಇಲ್ಲ." ಅಮ್ಮ ಬಿಡಲಿಲ್ಲ. "ರಾಯ, ನೀನು ನೋಡಪ್ಪ."

ಎಲ್ಲರೂ ರಾಯನನ್ನು ನೋಡಿದೆವು. ಅವನು ಅಡುಗೆಮನೆಗೆ ಹೋಗಿ ಕಣ್ಣು ಮುಚ್ಚಿ ನಿಂತ. ಅಷ್ಟು ಹೊತ್ತು ಅವನು ನಿಂತದ್ದನ್ನು ನಾನು ಕಂಡಿರಲಿಲ್ಲ. ಅವನ ತಲೆಯಲ್ಲಿ ಏನು ಓಡುತ್ತಿತ್ತು ಎಂದು ಈಗ ಊಹಿಸಬಲ್ಲೆ. ಇದೆ ಎಂದು ಹೇಳಿ ಇಲ್ಲದಿದ್ದರೆ ಕೋಸುರಾಯ ಖಾಯಂ ಆಗುತ್ತಾನೆ, ಅಂಗಡಿಯ ಕೆಲಸ ಹೋಗುತ್ತದೆ. ಇಲ್ಲ ಎಂದು ಹೇಳಿ ಇದ್ದರೆ... ಮುದುಕಿ ಹಿಂದೆ ಒಮ್ಮೆ ಮೋಸ ಹೋಗಿದ್ದಾಳೆ, ಇದೂ ಹಾಗೇ ಇರಬೇಕು.

"ಇಲ್ಲಮ್ಮ" ಎಂದ.

"ಕೆಳಗೆ ಬಗ್ಗಿ ನೋಡಪ್ಪ. ಇಲ್ಲಿ, ನನ್ನ ಹಾಸಿಗೆ ಹತ್ರ."

ಒಲೆಯ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಹೊಗೆಯ ಹಾಗೆ ಮೇಲಕ್ಕೇಳುವುದಿಲ್ಲ, ನೀರಿನ ಹಾಗೆ ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ಇದನ್ನು ಅಣ್ಣನೂ ರಾಯನೂ ಸಾವಿರ ಮನೆಯವರಿಗೆ ಪಾಠ ಹೇಳಿದ್ದರು. ಆ ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಅಮ್ಮನ ದಿಂಬು. ರಾಯ ಮೆಟ್ಟಿಲಿಳಿದು, ಮಂಡಿಯೂರಿ, ನೆಲಕ್ಕೆ ಕೆನ್ನೆ ತಾಗಿಸಿ ಮೂಸಿದ. ನಾನೂ ಅವನ ಪಕ್ಕದಲ್ಲಿ ಬಗ್ಗಿದ್ದೆ. ಎಲ್ಲೋ ಒಂದೆಳೆ ಬಂದ ಹಾಗಾಯಿತು ನನಗೆ. ಅಷ್ಟರಲ್ಲಿ ರಾಯ ಎದ್ದು, ಅದೇ ಹಳೇ ಗತ್ತಿನಲ್ಲಿ, "ಶುದ್ಧ" ಎಂದ. ಅವನು ಹಾಗೆಂದ ಕ್ಷಣ ನನ್ನ ಮೂಗಿನಿಂದಲೂ ಅದು ಹೊರಟುಹೋಯಿತು. ಇದನ್ನು ಯಾರಾದರೂ ನಂಬಲಿ ಬಿಡಲಿ, ಹಾಗೆಯೇ ಆಯಿತು.

ಆದರೂ ನಾನು ಅಣ್ಣನನ್ನು ಹಿತ್ತಲಿಗೆ ಕರೆದೆ. "ಒಂದು ಸಲ ನೊರೆ ಹಚ್ಚಿ ನೋಡೋ."

"ತಲೆ ಕೆಟ್ಟಿದೆಯಾ ನಿಂಗೆ? ಅವನು ಹೇಳಿ ಆಯ್ತಲ್ಲ."

"ಹೇಳಿದ್ರೆ ಏನೀಗ? ಸೋಪಿಗೇನು ಬರ ಬಂದಿದೆಯಾ?"

"ಅವನು ನನ್ನ ಮನೇಲಿ ಇದ್ದಾನೆ ಕಣೇ" ಎಂದು ಅಣ್ಣ ದನಿ ತಗ್ಗಿಸಿದ. "ಅಂಗಡೀಲಿ ಎಲ್ರೂ ಅವನನ್ನ ಆಡ್ಕೊಳ್ತಿದ್ದಾರೆ. ನಾನೂ ಅವನ ಮಾತಿನ ಮೇಲೆ ಬ್ರಷ್ಷು ಹಿಡಿದ್ರೆ ಅವನು ನಾಳೆನೇ ಟ್ರಂಕು ಎತ್ಕೊಂಡು ಹೋಗ್ತಾನೆ. ಎಲ್ಲಿಗೆ ಹೋಗ್ತಾನೆ ಹೇಳು?"

ನನಗೆ ಸಿಟ್ಟು ನೆತ್ತಿಗೇರಿತು. ಸ್ನೇಹಿತನ ಮಾನದ ಮುಂದೆ ತಾಯಿಯ ಮೂಗಿಗೆ ಕವಡೆ ಕಾಸಿನ ಬೆಲೆ ಇಲ್ಲವೇ ಎಂದು ಎಗರಾಡಿದೆ. ಅತ್ತಿಗೆ ಒಳಗಿನಿಂದ, "ನಾದಿನಿ ಬಂದ್ರು, ಜಗಳ ಬಂತು" ಎಂದಳು. ನಾನು ಚಪ್ಪಲಿ ಮೆಟ್ಟಿ ಹೊರಟೆ. ಹೊರಡುವಾಗ ಮುಂದಿನ ರೂಮಿನ ಬಾಗಿಲು ಅರ್ಧ ತೆರೆದಿತ್ತು. ರಾಯ ಮಂಚದ ಮೇಲೆ ಕೂತು ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಆಮೇಲೆ ಅಮ್ಮ ಮತ್ತೂ ಒಂದೆರಡು ಸಲ ಹೇಳಿದಳಂತೆ. ಅತ್ತಿಗೆ ಒಂದು ಸಲ ಕಿಟಕಿ ತೆಗೆದಳು, ಇನ್ನೊಂದು ಸಲ, "ಅತ್ತೆ, ಆ ಕೋಸು ನಿಮ್ಮ ತಲೆಗೆ ಹೊಕ್ಕುಬಿಟ್ಟಿದೆ. ರಾಯರೇ ಇಲ್ಲ ಅಂದ ಮೇಲೆ ಇನ್ನೇನು?" ಎಂದು ಗದರಿದಳು. ಅವಳ ತಪ್ಪೆಂದು ನಾನು ಪೂರ್ತಿ ಹೇಳಲಾರೆ. ಕಟ್ಟೆಯ ಎತ್ತರದಲ್ಲಿ ನಿಂತು ಅಡುಗೆ ಮಾಡುವವಳಿಗೆ ನೆಲದ ಮೇಲಿನದು ತಿಳಿಯುತ್ತಿರಲಿಲ್ಲ. ಎಲ್ಲೋ ಸ್ವಲ್ಪ ತಿಳಿದರೂ ಅವಳಿಗೂ ನನಗೆ ಆದಂತೆಯೇ ಆಗಿರಬೇಕು.

ನಾನು ಸಿಟ್ಟು ಇಳಿಸಿಕೊಂಡು ಮತ್ತೆ ಹೋಗತೊಡಗಿದಾಗ ಅಮ್ಮ ಆ ಮಾತು ಎತ್ತುವುದನ್ನೇ ಬಿಟ್ಟಿದ್ದಳು. ತಲೆ ಬಾಚುತ್ತ ನಾನೇ ಕೇಳಿದೆ, "ಅಮ್ಮ, ಆ ವಾಸನೆ ಈಗ ಬರ್ತಿದೆಯಾ?"

"ನನ್ನ ಮೂಗು ಕೆಟ್ಟಿದೆ ಕಣೇ" ಎಂದಳು. "ಕಣ್ಣು ಹೋಯ್ತು, ಕಾಲು ಹೋಯ್ತು. ಈಗ ಇದರ ಸರದಿ. ಇಲ್ಲದ್ದನ್ನ ಇದೆ ಇದೆ ಅಂತ ಅಂದು ಎಲ್ರ ಹತ್ರ ಬೈಸ್ಕೊಳ್ಳೋದು ಯಾಕೆ?"

ಬೆಳಗಿನ ಆಟವೂ ನಿಂತಿತ್ತು. ರಾಯ ಚಹಾ ಹಿಡಿದು ಮೆಟ್ಟಿಲ ಮೇಲೆ ಕೂತು, "ಅಮ್ಮಾ, ಇವತ್ತೇನು ಹೇಳಿ ನೋಡೋಣ" ಎಂದರೆ, "ನಂಗೇನು ಗೊತ್ತಾಗುತ್ತಪ್ಪ, ನೀನೇ ಹೇಳು" ಎನ್ನುತ್ತಿದ್ದಳು. ಅವನು ಕೇಳುತ್ತಲೇ ಇದ್ದ. ಮೊದಲು ಬೆಳಿಗ್ಗೆ ಮಾತ್ರ ಕೇಳುತ್ತಿದ್ದವನು ಈಗ ಅಂಗಡಿಯಿಂದ ಬಂದವನೇ ಕೇಳುತ್ತಿದ್ದ, ಊಟಕ್ಕೆ ಮುಂಚೆ ಕೇಳುತ್ತಿದ್ದ. ಅಮ್ಮ ಕಿರಿಕಿರಿಗೊಂಡು ಮಗ್ಗುಲು ಬದಲಿಸುತ್ತಿದ್ದಳು. ಚಳಿಯಲ್ಲೂ ಅವನು ಸುಮ್ಮನೆ ಎದ್ದು ಅಡುಗೆಮನೆಯ ಕಿಟಕಿ ತೆಗೆಯುತ್ತಿದ್ದ, ಅತ್ತಿಗೆ ಗೊಣಗುತ್ತ ಮುಚ್ಚುತ್ತಿದ್ದಳು. ಹಗಲೆಲ್ಲ ಆ ಕಿಟಕಿಯೊಂದು ತೆರೆಯುವುದು ಮುಚ್ಚುವುದೇ ಆಗಿತ್ತು. ಒಂದು ದಿನ ಅವನ ಚೀಲದಲ್ಲಿ ಹೊಸ ಬ್ರಷ್ಷು ಕಂಡು ಅಣ್ಣ, "ಏನೋ ರಾಯ, ಮದುವೆಗಿದುವೆ ಉಂಟಾ? ಗಡ್ಡ ನುಣ್ಣಗೆ ಮಾಡ್ಕೊಳ್ಳೋ ಹಾಗಿದೆ" ಎಂದು ರೇಗಿಸಿದ. ರಾಯ ನಕ್ಕ. ಬ್ರಷ್ಷನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ.

ಆ ದಿನ ಅಣ್ಣ ಬೇಗ ಹೊರಟಿದ್ದ. ಅತ್ತಿಗೆ ಡಬ್ಬಿ ಕಟ್ಟಿಕೊಂಡು ಲಾಂಡ್ರಿಗೆ ಹೋದಳು, ಹೋಗುವಾಗ ಕಿಟಕಿ ಮುಚ್ಚಿ ಹೋದಳು. ರಾಯ ಮೈ ಹುಷಾರಿಲ್ಲವೆಂದು ರಜೆ ಹಾಕಿ ಉಳಿದಿದ್ದ. ಹುಷಾರಿಲ್ಲದ್ದು ಸುಳ್ಳು. ಮನೆ ಖಾಲಿಯಾಗಲಿ ಎಂದು ಕಾಯುತ್ತಿದ್ದ. ಬೆಳಿಗ್ಗೆಯ ಬಿಸಿಲು ಬೀದಿಗೆ ಇಳಿಯುವ ಹೊತ್ತಿಗೆ ನಾನು ಒಂದು ರವಿಕೆಯ ತೋಳು ಕೂಡಿಸುತ್ತಿದ್ದೆ. ಸದ್ದು ಕೇಳಿಸಿತು. ಯಾರೋ ದೊಡ್ಡ ಕಬ್ಬಿಣದ ಬಾಗಿಲನ್ನು ಒಂದೇ ಏಟಿಗೆ ಎಳೆದು ಮುಚ್ಚಿದ ಹಾಗೆ. ಮಿಷನ್ನಿನ ಮೇಲಿದ್ದ ಗುಂಡಿ ಡಬ್ಬಿ ಕೆಳಗೆ ಬಿತ್ತು. ಎದ್ದು ಓಡುವ ಮೊದಲೇ ನನಗೆ ಅದು ಯಾವ ಮನೆ ಎಂದು ಗೊತ್ತಾಗಿತ್ತು.

ಹೇಳುವಂಥದ್ದು ಹೆಚ್ಚಿಲ್ಲ. ರಾಯ ಒಲೆ ಹಚ್ಚಲು ಕಡ್ಡಿ ಗೀರಿದ್ದೇ ತಡ ಬೆಂಕಿ ನೆಲದ ಮೇಲೆ ಹರಿದು, ಮೆಟ್ಟಿಲಿಳಿದು, ಉಗ್ರಾಣ ತುಂಬಿ, ಬಂದಷ್ಟೇ ಬೇಗ ಆರಿಹೋಗಿತ್ತಂತೆ. ನಿಂತಿದ್ದ ರಾಯನಿಗೆ ಕಾಲು, ಕೈ, ಮುಖದ ಒಂದು ಮಗ್ಗುಲು ಸುಟ್ಟಿತ್ತು. ಆ ಕೈಯಲ್ಲೇ ಅವನು ಅಮ್ಮನನ್ನು ಹಾಸಿಗೆ ಸಮೇತ ಎಳೆದು ಬೀದಿಗೆ ತಂದಿದ್ದ. ನಾನು ತಲುಪಿದಾಗ ಅಮ್ಮನಿಗೆ ಉಸಿರಿತ್ತು. ಆಸ್ಪತ್ರೆಯಲ್ಲಿ ಆ ಸಂಜೆಯವರೆಗೆ ಇತ್ತು. ಅಷ್ಟೇ.

ರಾಯ ಬಹಳ ಕಾಲ ಆಸ್ಪತ್ರೆಯಲ್ಲಿದ್ದ. ಬಿಟ್ಟ ದಿನ ಅಣ್ಣ ಅವನನ್ನು ಎಲ್ಲಿಗೆ ಕರೆದುಕೊಂಡು ಬಂದ ಗೊತ್ತೇ? ಅದೇ ಮುಂದಿನ ರೂಮಿಗೆ. ಅತ್ತಿಗೆ ಅಳುತ್ತ ಬಂದು ನನಗೆ ಹೇಳಿದಳು. ನನ್ನ ಮೈಯೆಲ್ಲ ಉರಿದುಹೋಯಿತು. ಅಮ್ಮನ ಮಂಚವನ್ನಾದರೂ ನನ್ನ ಮನೆಗೆ ಒಯ್ಯುತ್ತೇನೆ, ಅದರ ಮೇಲೆ ಅವನು ಮಲಗುವುದು ಬೇಡ ಎಂದು ಗಾಡಿಯವನನ್ನು ಬೀದಿಯಲ್ಲಿ ನಿಲ್ಲಿಸಿ ಒಳಗೆ ನುಗ್ಗಿದೆ.

ಅಣ್ಣ ಮಂಚದ ಕಾಲ ಬಳಿ ನೆಲದ ಮೇಲೆ ಕೂತಿದ್ದ. ಅವನ ಕೈಯಲ್ಲಿ ಒಂದು ಲೋಟ. ಒಳಗೆ ಸೋಪಿನ ನೊರೆ ಒಣಗಿ ಬಿಳಿ ಪೊರೆಯಾಗಿತ್ತು, ಬ್ರಷ್ಷು ಅದರಲ್ಲೇ ಅಂಟಿಕೊಂಡಿತ್ತು. ಅಡುಗೆಮನೆಯ ಸುಣ್ಣ ಕೆರೆಯಲು ಬಂದವರಿಗೆ ಕಿಟಕಿಯ ಗೂಡಿನಲ್ಲಿ ಸಿಕ್ಕಿದ್ದಂತೆ. ರಾಯ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಗೋಡೆಗೊರಗಿದ್ದ. ಆಗತಾನೇ ಎಲ್ಲವನ್ನೂ ಹೇಳಿ ಮುಗಿಸಿದ್ದ, ಜ್ವರ, ಮೂಗು, ಅಮ್ಮನ ಆಟ, ಎಲ್ಲ. ನನಗಾಗಿ ಮತ್ತೊಮ್ಮೆ ಹೇಳಿದ. ನಾನು ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ತಲೆ ತಗ್ಗಿಸಿ ಕೇಳಿದ.

ನನ್ನ ಉಸಿರು ತೀರಿದ ಮೇಲೆ ಅಣ್ಣ ಆ ಲೋಟವನ್ನು ಎತ್ತಿ ಹಿಡಿದ. "ನೊರೆ ಕಲಸಿದ್ದೀಯ. ಬ್ರಷ್ಷು ಅದ್ದಿದ್ದೀಯ. ಮನೇಲಿ ಯಾರೂ ಇರ್ಲಿಲ್ಲ. ಯಾಕೋ ಹಚ್ಚಲಿಲ್ಲ?"

"ಹಚ್ಚೋಕೇ ಅಂತ ಹೋದೆ" ಎಂದ ರಾಯ. "ಅಷ್ಟರಲ್ಲಿ ಅಮ್ಮ ಎದ್ರು. ಬಿಸಿನೀರು ಕೇಳಿದ್ರು. ನಂಗೆ ಹೆದ್ರಿಕೆ ಆಯ್ತು. ಮೊದ್ಲು ಅವರನ್ನೇ ಕೇಳೋಣ ಅಂತ ಕೆಳಗಿಳಿದು ಕೂತೆ. ಆಟ ಅಲ್ಲ, ಕೈ ಹಿಡ್ಕೊಂಡು ಕೇಳಿದೆ. ಅಮ್ಮಾ, ನಿಜ ಹೇಳಿ, ಏನಾದ್ರೂ ವಾಸನೆ ಬರ್ತಿದೆಯಾ ಅಂತ. ಅವರು ಬರುತ್ತೆ ಅಂದಿದ್ರೆ ಒಲೆ ಹತ್ರ ಸುಳೀತಿರ್ಲಿಲ್ಲ ಕಣೋ. ಅಮ್ಮನ ಮೂಗಿನ ಮುಂದೆ ನೊರೆ ಯಾವ ಲೆಕ್ಕ ಅನ್ಕೊಂಡು ಲೋಟ ಗೂಡಲ್ಲಿಟ್ಟೆ."

"ಅಮ್ಮ ಏನಂದ್ಲು?" ಎಂದೆ ನಾನು.

ರಾಯ ನನ್ನ ಕಡೆ ನೋಡಲಿಲ್ಲ. "ನನ್ನ ತಲೆ ಮೇಲೆ ಕೈಯಿಟ್ಟು ನಕ್ರು. 'ಇಲ್ಲಪ್ಪ. ನಿಂಗೇ ಬರ್ದೇ ಇದ್ದದ್ದು ನಂಗೆಲ್ಲಿ ಬರುತ್ತೆ?' ಅಂದ್ರು."

ಹೊರಗೆ ಗಾಡಿಯವನು ಕೂಗಿ ಕೂಗಿ ಹೊರಟುಹೋದ.